ಐದೂಮುಕ್ಕಾಲರ ಬಸ್ಸು: ಕೊರೊನಾ ಕಾಲದ ಒಂದು ಮಾರ್ಗದ ಪ್ರಕರಣ ಅಧ್ಯಯನ

2020ರ ಜೂನ್ ಕೊನೆಯ ಒಂದು ಸಂಜೆ. ಕೈಗಾರಿಕಾ ಪ್ರದೇಶದ ಬಸ್ ಸ್ಟಾಪಿನಲ್ಲಿ ಎಲ್‌ಇಡಿ ಬೋರ್ಡು ಮಿನುಗುತ್ತಿತ್ತು. ಮೊದಲ ಸಾಲು: 4 ನಿಮಿಷ, ತುಂಬಿದೆ. ಎರಡನೇ ಸಾಲು: 41 ನಿಮಿಷ, ಜಾಗ ಇದೆ. ಬೋರ್ಡಿನ ಕೆಳಗೆ ಇಪ್ಪತ್ತೈದು ಮೂವತ್ತು ಹೆಂಗಸರು ನಿಂತಿದ್ದರು. ಕೈಯಲ್ಲಿ ಊಟದ ಡಬ್ಬಿಯ ಚೀಲ, ಮುಖಕ್ಕೆ ಫ್ಯಾಕ್ಟರಿಯಲ್ಲೇ ಹೊಲಿದ ಬಟ್ಟೆ ಮಾಸ್ಕು. ಬೋರ್ಡು ಹೇಳಿದಂತೆಯೇ ನಾಲ್ಕು ನಿಮಿಷಕ್ಕೆ ಬಸ್ಸು ಬಂತು. ತುಂಬಿಯೇ ಬಂತು. ಅಷ್ಟೂ ಜನ ಅದಕ್ಕೇ ನುಗ್ಗಿದರು.

ನಾನು ಪಕ್ಕದ ಟೀ ಅಂಗಡಿ ಹತ್ತಿರ ನಿಂತು ನೋಡುತ್ತಿದ್ದೆ. ಆ ಬೋರ್ಡಿನಲ್ಲಿ "ತುಂಬಿದೆ" ಅಂತ ಬರುವ ಹಾಗೆ ಮಾಡಲು ನಾವು ಮೂರು ವಾರ ಒದ್ದಾಡಿದ್ದೆವು. ಮಾಹಿತಿ ಸರಿಯಾಗಿತ್ತು, ಸಮಯಕ್ಕೂ ಬಂದಿತ್ತು. ಆದರೂ ಯಾರ ಉಪಯೋಗಕ್ಕೂ ಬರಲಿಲ್ಲ. ಯಾಕೆ ಅಂತ ಅರ್ಥವಾಗಲು ಇನ್ನೂ ಒಂದು ತಿಂಗಳು ಬೇಕಾಯಿತು. ಅದರ ಕಥೆ ಇದು.

ಊರಿನ ಹೆಸರು, ಮಾರ್ಗದ ನಂಬರ್, ಡಿಪೋ, ಫ್ಯಾಕ್ಟರಿ ಯಾವುದನ್ನೂ ಇಲ್ಲಿ ಹೇಳಿಲ್ಲ. ಗುರುತು ಹತ್ತದಿರಲಿ ಅಂತ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಕರ್ನಾಟಕದ ಒಂದು ನಗರ, ಅದರ ಅಂಚಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳು, ಅಲ್ಲಿಂದ ಹಳ್ಳಿಗಳ ಕಡೆ ಹೋಗುವ ಒಂದು ಬಸ್ ಮಾರ್ಗ. ಇಷ್ಟು ಸಾಕು. ಆಗ ನಾನು ಬಸ್ಸುಗಳ ಕಂಟ್ರೋಲ್ ರೂಮಿನಲ್ಲಿ ಜಿಪಿಎಸ್ ಮತ್ತು ಟಿಕೆಟ್ ಲೆಕ್ಕ ನೋಡಿಕೊಳ್ಳುವ ಸಣ್ಣ ತಂಡದಲ್ಲಿದ್ದೆ.

ಮೂವತ್ತರ ಲೆಕ್ಕ

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು, ಬಸ್ಸುಗಳು ಡಿಪೋ ಸೇರಿದವು. ಕರ್ನಾಟಕದಲ್ಲಿ ಅವು ಮತ್ತೆ ರಸ್ತೆಗಿಳಿದದ್ದು ಮೇ 19ಕ್ಕೆ. ಒಂದು ಬಸ್ಸಿಗೆ 30 ಜನ ಮಾತ್ರ, ಮಾಸ್ಕ್ ಕಡ್ಡಾಯ. ಅದೇ ದಿನಗಳಲ್ಲಿ ದೆಹಲಿಯಲ್ಲಿ ಬಸ್ಸಿಗೆ 20 ಜನ ಅಂದರು. ಆಸ್ಟ್ರೇಲಿಯಾದ ಸಿಡ್ನಿಯಲ್ಲಂತೂ 12. ಒಬ್ಬರಿಂದ ಒಬ್ಬರಿಗೆ ಒಂದೂವರೆ ಮೀಟರ್ ಅಂತರ ಇಟ್ಟು ಲೆಕ್ಕ ಹಾಕಿದರೆ ಒಂದು ಬಸ್ಸಿನಲ್ಲಿ ಅಷ್ಟೇ ಜನ ಹಿಡಿಸುವುದು.

ಭಯ ಸುಮ್ನೆ ಹುಟ್ಟಿದ್ದಲ್ಲ. 2020ರ ಜನವರಿಯಲ್ಲಿ ಚೀನಾದ ನಿಂಗ್ಬೋ ಕಡೆಯಿಂದ ಜನ ಎರಡು ಬಸ್ಸಿನಲ್ಲಿ ದೇವಸ್ಥಾನಕ್ಕೆ ಹೋಗಿ ಬಂದರು. ಒಂದು ಬಸ್ಸಿನಲ್ಲಿ ಸೋಂಕಿದ್ದ ಒಬ್ಬರಿದ್ದರು. ಆ ಬಸ್ಸಿನ 68 ಜನರಲ್ಲಿ, ಅವರೂ ಸೇರಿ, 24 ಜನಕ್ಕೆ ಸೋಂಕು ತಗುಲಿತು. ಇನ್ನೊಂದು ಬಸ್ಸಿನಲ್ಲಿ ಯಾರಿಗೂ ಇಲ್ಲ. ಎಸಿ ಹಾಕಿ ಒಳಗಿನ ಗಾಳಿಯನ್ನೇ ತಿರುಗಿಸುತ್ತಿದ್ದ ಬಸ್ಸು ಅದು. ನಮ್ಮ ನಗರ ಸಾರಿಗೆಯ ಬಸ್ಸುಗಳಿಗೆ ಎಸಿ ಇಲ್ಲ, ಕಿಟಕಿ ಇದೆ. ಅದೊಂದು ಸಮಾಧಾನ. ಕಿಟಕಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ನಮ್ಮ ಮಾರ್ಗದಲ್ಲಿ ಕೊರೊನಾಗೆ ಮೊದಲು ಇಪ್ಪತ್ತು ನಿಮಿಷಕ್ಕೊಂದು ಬಸ್ಸಿತ್ತು. ಮೇ ಕೊನೆಗೆ ಅದು ನಲವತ್ತು ನಿಮಿಷಕ್ಕೊಂದಾಯಿತು. ಜನ ಕಡಿಮೆ ಅಂತ ಷೆಡ್ಯೂಲ್ ಕಡಿಮೆ ಮಾಡಿದ್ದು. ಲೆಕ್ಕ ನೋಡಿದರೆ ಸರಿಯೇ. ದಿನದ ಸರಾಸರಿ ತೆಗೆದರೆ ಟ್ರಿಪ್ಪಿಗೆ ಹದಿನೇಳು ಹದಿನೆಂಟು ಜನ. "ಮಿತಿಯೊಳಗಿದೆ" ಅಂತ ದಿನಾ ಮೇಲಕ್ಕೆ ವರದಿ ಹೋಗುತ್ತಿತ್ತು.

ಆ ಸರಾಸರಿ ದೊಡ್ಡ ಮೋಸ. ಮಧ್ಯಾಹ್ನ ಎರಡು ಗಂಟೆಯ ಬಸ್ಸಿನಲ್ಲಿ ಕಂಡಕ್ಟರ್, ಡ್ರೈವರ್, ನಾಲ್ಕು ಜನ. ಐದೂಮುಕ್ಕಾಲರ ಬಸ್ಸಿನಲ್ಲಿ ಅರವತ್ತು. ಮೂರು ಫ್ಯಾಕ್ಟರಿಗಳು ಒಂದೇ ರಸ್ತೆಯಲ್ಲಿ ಸಾಲಾಗಿವೆ. ಮೂರೂ ಬಿಡುವುದು ಐದೂವರೆಗೆ. ಗೇಟಿನಲ್ಲಿ ಬ್ಯಾಗ್ ಚೆಕ್ ಮಾಡಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಐದೂಮುಕ್ಕಾಲು. ಮೊದಲ ಫ್ಯಾಕ್ಟರಿಯ ಸ್ಟಾಪಿನಲ್ಲೇ ಬಸ್ಸು ಮೂವತ್ತು ದಾಟುತ್ತಿತ್ತು. ಮೂರನೆಯ ಫ್ಯಾಕ್ಟರಿಯವರಿಗೆ ಉಳಿಯುತ್ತಿದ್ದದ್ದು ಫುಟ್‌ಬೋರ್ಡು.

ಕಂಡಕ್ಟರ್ ಏನು ಮಾಡಬೇಕು? ಮೂವತ್ತೊಂದನೆಯವರನ್ನು ಇಳಿಸಬೇಕು ಅಂತ ನಿಯಮ. ಮುಂದಿನ ಬಸ್ಸು ನಲವತ್ತು ನಿಮಿಷಕ್ಕೆ. ದಿನಾ ಮುಖ ನೋಡುವ ಹೆಂಗಸರು. "ಇಳೀರಮ್ಮ" ಅಂತ ಹೇಗೆ ಹೇಳುತ್ತಾರೆ? ಮೊದಲ ವಾರ ಹೇಳಿದರು, ಜಗಳವಾಯಿತು. ಎರಡನೇ ವಾರದಿಂದ ಹೇಳುವುದನ್ನು ಬಿಟ್ಟರು.

ಮಷೀನ್ ಎಣಿಸಿದ್ದು, ಕಂಡಕ್ಟರ್ ಎಣಿಸಿದ್ದು

ಬಸ್ಸು ಎಷ್ಟು ತುಂಬಿದೆ ಅಂತ ಮೊದಲೇ ಗೊತ್ತಾದರೆ ಜನ ತಾವೇ ಹಂಚಿಕೊಳ್ಳುತ್ತಾರೆ ಅನ್ನುವುದು ನಮ್ಮ ಲೆಕ್ಕಾಚಾರವಾಗಿತ್ತು. ಹೊಸದೇನಲ್ಲ. ಸಿಂಗಪುರದಲ್ಲಿ ಕೊರೊನಾಗೆ ಮೊದಲೇ ಬಸ್ಸಿನ ಮಾಹಿತಿಗೆ ಮೂರು ಬಣ್ಣ ಇತ್ತು: ಸೀಟಿದೆ ಅಂದರೆ ಹಸಿರು, ನಿಲ್ಲಲು ಜಾಗ ಇದ್ದರೆ ಹಳದಿ, ನಿಲ್ಲಲೂ ಜಾಗ ಕಡಿಮೆ ಅಂದರೆ ಕೆಂಪು. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಹತ್ತುವಾಗಲೂ ಇಳಿಯುವಾಗಲೂ ಕಾರ್ಡ್ ಒತ್ತುತ್ತಾರೆ, ಹಾಗಾಗಿ ಒಳಗೆ ಎಷ್ಟು ಜನ ಅನ್ನುವುದು ತಾನಾಗಿಯೇ ಸಿಗುತ್ತದೆ. ಟೋಕಿಯೋದ ರೈಲುಗಳಲ್ಲಿ ಬೋಗಿಯ ತೂಕದಿಂದ ಅಂದಾಜು ಮಾಡುತ್ತಾರೆ. ನ್ಯೂಯಾರ್ಕ್ ಬಸ್ಸುಗಳ ಬಾಗಿಲಲ್ಲಿ ಎಣಿಸುವ ಸೆನ್ಸರ್ ಇತ್ತು. 2020ರ ಜುಲೈನಲ್ಲಿ ಆ ಎಣಿಕೆಯನ್ನು ಅಲ್ಲಿನ ಆ್ಯಪ್‌ನಲ್ಲಿ ಜನರಿಗೆ ತೋರಿಸಲು ಶುರು ಮಾಡಿದರು.

ನಮ್ಮ ಹತ್ತಿರ ಇದ್ದದ್ದು ಎರಡು. ಬಸ್ಸಿನಲ್ಲಿ ಜಿಪಿಎಸ್, ಕಂಡಕ್ಟರ್ ಕೈಯಲ್ಲಿ ಟಿಕೆಟ್ ಮಷೀನ್.

ಟಿಕೆಟ್ ಮಷೀನಿನಿಂದ ಜನರನ್ನು ಎಣಿಸುವುದು ಕಾಗದದ ಮೇಲೆ ಬಹಳ ಸುಲಭ. ಪ್ರತಿ ಟಿಕೆಟ್ಟಿನಲ್ಲೂ ಎಲ್ಲಿಂದ ಎಲ್ಲಿಗೆ ಅಂತ ಸ್ಟೇಜ್ ಇರುತ್ತದೆ. ಹತ್ತಿದವರನ್ನು ಕೂಡಿಸು, ಸ್ಟೇಜ್ ಮುಗಿದವರನ್ನು ಕಳೆ. ಉಳಿದವರು ಬಸ್ಸಿನಲ್ಲಿದ್ದಾರೆ. ಒಂದು ವಾರ ಕೂತು ಇದನ್ನು ಮಾಡಿದೆವು. ಮೊದಲ ದಿನ ಸ್ಕ್ರೀನ್ ನೋಡಿದರೆ ಐದೂಮುಕ್ಕಾಲರ ಬಸ್ಸಿನಲ್ಲಿ ಒಂಬತ್ತು ಜನ!

ಕಾರಣ ಹುಡುಕಲು ನಾನೇ ಆ ಬಸ್ಸು ಹತ್ತಿದೆ. ಹತ್ತು ನಿಮಿಷಕ್ಕೇ ಗೊತ್ತಾಯಿತು. ಅಲ್ಲಿದ್ದವರಲ್ಲಿ ಮುಕ್ಕಾಲು ಜನ ಪಾಸಿನವರು. ಪಾಸ್ ತೋರಿಸುತ್ತಾರೆ, ಕಂಡಕ್ಟರ್ ತಲೆಯಾಡಿಸುತ್ತಾರೆ, ಮಷೀನಿಗೆ ಗೊತ್ತೇ ಆಗುವುದಿಲ್ಲ. ಅದರಲ್ಲೂ ಕೊರೊನಾ ಬಂದ ಮೇಲೆ ನೋಟು, ಚಿಲ್ಲರೆ ಮುಟ್ಟುವುದು ಬೇಡ ಅಂತ ಪಾಸನ್ನೇ ಜಾಸ್ತಿ ಮಾರುತ್ತಿದ್ದೆವು. ಸೋಂಕಿಗೆ ಹೆದರಿ ಮಾಡಿದ ಒಂದು ಕೆಲಸ, ಸೋಂಕಿಗಾಗಿಯೇ ಮಾಡುತ್ತಿದ್ದ ಇನ್ನೊಂದು ಕೆಲಸದ ಕಣ್ಣು ಕಟ್ಟಿತ್ತು. ಎರಡನ್ನೂ ಮಾಡಿದವರು ಒಂದೇ ಕಟ್ಟಡದಲ್ಲಿ ಕೂರುವವರು. ನನಗೆ ಈಗಲೂ ಇದು ನಗು ಬರಿಸುತ್ತದೆ.

ಟಿಕೆಟ್ ತೆಗೆದುಕೊಳ್ಳುವವರ ಲೆಕ್ಕವೂ ನಿಜಕ್ಕೆ ಹಿಂದೆ ಬಿದ್ದಿರುತ್ತಿತ್ತು. ನೂಕುನುಗ್ಗಲಿನಲ್ಲಿ ಕಂಡಕ್ಟರ್ ಹಿಂದಿನಿಂದ ಮುಂದಕ್ಕೆ ಬರುವಷ್ಟರಲ್ಲಿ ಮೂರು ಸ್ಟಾಪ್ ದಾಟಿರುತ್ತದೆ. ಬಸ್ಸು ತುಂಬಿದಷ್ಟೂ ಟಿಕೆಟ್ ತಡ. ಅಂದರೆ ಯಾವ ಹೊತ್ತಿನಲ್ಲಿ ಎಣಿಕೆ ಸರಿಯಾಗಿರಬೇಕಿತ್ತೋ ಅದೇ ಹೊತ್ತಿನಲ್ಲಿ ಅದು ತಪ್ಪು.

ಆ ದಿನ ಬಸ್ಸಿನಲ್ಲಿದ್ದ ಹಿರಿಯ ಕಂಡಕ್ಟರೊಬ್ಬರು ನನ್ನ ಲ್ಯಾಪ್‌ಟಾಪಿನಲ್ಲಿದ್ದ ಒಂಬತ್ತನ್ನು ನೋಡಿ ನಕ್ಕರು. "ಸರ್, ಮಷೀನ್ ಕೇಳ್ತೀರಲ್ಲ, ನನ್ನ ಕೇಳಿ. ಹಿಂದಿನ ಬಾಗಿಲಲ್ಲಿ ನಿಂತು ಒಂದ್ಸಲ ನೋಡಿದ್ರೆ ಎಷ್ಟು ತಲೆ ಅಂತ ಹೇಳ್ತೀನಿ." ಎಷ್ಟಿವೆ ಅಂದೆ. "ಐವತ್ತೆಂಟು." ನಾನು ಎಣಿಸಿದೆ. ಐವತ್ತೇಳು. ಎಲ್ಲೋ ಮಗುವೊಂದನ್ನು ಬಿಟ್ಟಿದ್ದೆ ಅಂತ ಆಮೇಲೆ ಅವರೇ ತೋರಿಸಿದರು.

ಈ ಪ್ರಕರಣದಲ್ಲಿ ದಿಕ್ಕು ಬದಲಾದ ಮೊದಲ ಜಾಗ ಇದು. ಮಷೀನನ್ನು ಬಿಟ್ಟು ಕಂಡಕ್ಟರನ್ನೇ ಕೇಳೋಣ ಅಂದುಕೊಂಡೆವು. ಆದರೆ ಕೈಯಲ್ಲಿ ಮಷೀನ್, ಬಾಯಲ್ಲಿ ಸೀಟಿ, ಭುಜಕ್ಕೆ ಚೀಲ ಇರುವವರಿಗೆ ಇನ್ನೊಂದು ಆ್ಯಪ್ ಕೊಡಲು ಮನಸ್ಸಾಗಲಿಲ್ಲ. ಬಸ್ ಮಾಹಿತಿ ಹಂಚಿಕೊಳ್ಳಲು ಜಗತ್ತಿನಾದ್ಯಂತ ಬಳಸುವ ಒಂದು ಮಾದರಿ ಇದೆ. ಅದರಲ್ಲಿ ಬಸ್ ಎಷ್ಟು ತುಂಬಿದೆ ಎನ್ನಲು ಖಾಲಿ, ಸಾಕಷ್ಟು ಸೀಟು, ಕೆಲವೇ ಸೀಟು, ನಿಲ್ಲಲು ಮಾತ್ರ ಜಾಗ, ಒತ್ತಿಕೊಂಡು ನಿಲ್ಲಬೇಕು, ಭರ್ತಿ ಹೀಗೆ ಮೆಟ್ಟಿಲುಗಳಿವೆ. ನಮ್ಮ ಕಂಡಕ್ಟರುಗಳ ಹತ್ತಿರ ಇದ್ದದ್ದು ಎರಡೇ ಮಾತು. "ಜಾಗ ಐತೆ", "ತುಂಬೋಯ್ತು". ಎರಡು ಮಾತಿಗೆ ಎರಡು ಫೋನ್ ನಂಬರ್ ಸಾಕಲ್ವಾ? ತಲೆ ಮೂವತ್ತಾದರೆ ಒಂದು ನಂಬರಿಗೆ ಮಿಸ್ಡ್ ಕಾಲ್. ಇಳಿದು ಜಾಗವಾದರೆ ಇನ್ನೊಂದಕ್ಕೆ. ಡ್ಯೂಟಿ ಚಾರ್ಟಿನಿಂದ ಯಾವ ಕಂಡಕ್ಟರ್ ಯಾವ ಬಸ್ಸಿನಲ್ಲಿ ಅಂತ ತಿಳಿಯುತ್ತದೆ, ಜಿಪಿಎಸ್ಸಿನಿಂದ ಬಸ್ಸು ಎಲ್ಲಿದೆ ಅಂತ ತಿಳಿಯುತ್ತದೆ. ಎರಡನ್ನೂ ಸೇರಿಸಿ ಬೋರ್ಡಿಗೆ ಹಾಕಿದೆವು. ಖರ್ಚು ಎರಡು ಸಿಮ್ ಕಾರ್ಡಿನದು.

ಕಂಡಕ್ಟರುಗಳು ಒಪ್ಪಿದ ಕಾರಣವನ್ನೂ ಹೇಳಬೇಕು. ನಮ್ಮ ಪ್ರಯೋಗದ ಮೇಲಿನ ಪ್ರೀತಿ ಅಲ್ಲ. ಚೆಕಿಂಗ್‌ನವರು ಹತ್ತಿ "ಮೂವತ್ತಕ್ಕಿಂತ ಜಾಸ್ತಿ ಯಾಕೆ" ಅಂತ ಕೇಳಿದರೆ, "ಇಷ್ಟು ಹೊತ್ತಿಗೇ ತಿಳಿಸಿದ್ದೀನಿ ನೋಡಿ" ಅಂತ ತೋರಿಸಲು ಫೋನಿನಲ್ಲಿ ಒಂದು ಸಾಕ್ಷಿ ಸಿಕ್ಕಿತು.

ಬೋರ್ಡು ನೋಡಿದವರು ಏನು ಮಾಡಿದರು

ಮೊದಲಲ್ಲಿ ಹೇಳಿದ ಸಂಜೆಯ ದೃಶ್ಯ ಇದಾದ ಮೇಲಿನದು.

ಬೋರ್ಡಿನಿಂದ ಏನೂ ಆಗಲಿಲ್ಲ ಅಂದರೆ ತಪ್ಪಾಗುತ್ತದೆ. ತರಕಾರಿಗೆ ಹೋಗುವವರು, ಬ್ಯಾಂಕಿನಿಂದ ಪಿಂಚಣಿ ತರುವವರು, ಸಂಜೆ ಹೊತ್ತು ಸುಮ್ನೆ ಪೇಟೆ ಕಡೆ ಹೊರಟವರು ಐದೂಮುಕ್ಕಾಲರ ಬಸ್ಸನ್ನು ಬಿಟ್ಟು ಮುಂಚಿನ ಬಸ್ಸು ಹಿಡಿಯತೊಡಗಿದರು. ಐದಾರು ಸೀಟು ಖಾಲಿಯಾದವು. ಅವರಲ್ಲಿ ವಯಸ್ಸಾದವರೇ ಜಾಸ್ತಿ ಇದ್ದದ್ದರಿಂದ ಅದು ಸಣ್ಣ ಲಾಭವೇನಲ್ಲ.

ಆದರೆ ಬಸ್ಸು ತುಂಬುತ್ತಿದ್ದದ್ದು ಅವರಿಂದಲ್ಲ. ಫ್ಯಾಕ್ಟರಿಯ ಹೆಂಗಸರ ಫೋನುಗಳು ಕೆಲಸದ ಹೊತ್ತಿನಲ್ಲಿ ಲಾಕರಿನಲ್ಲಿರುತ್ತವೆ. ವಾಟ್ಸಾಪ್ ಗುಂಪಿಗೆ ನಾವು ಕಳಿಸುತ್ತಿದ್ದ ಮೆಸೇಜು ಅವರು ನೋಡುವ ಹೊತ್ತಿಗೆ ಬಸ್ಸು ಎದುರಿಗೇ ನಿಂತಿರುತ್ತಿತ್ತು. ನೋಡಿದರೂ ಏನು ಮಾಡಬಹುದಿತ್ತು? ಬೋರ್ಡಿನ ಕೆಳಗೆ ನಿಂತಿದ್ದ ಒಬ್ಬಾಕೆಯನ್ನು ಕೇಳಿದೆ. "ಅಕ್ಕ, ಮುಂದಿನ ಬಸ್ಸಲ್ಲಿ ಜಾಗ ಇದೆ ಅಂತ ತೋರಿಸ್ತಿದೆ. ಅದಕ್ಕೆ ಯಾಕೆ ಹೋಗಲ್ಲ?"

"ಬಸ್ಸು ಖಾಲಿ ಇರುತ್ತೆ ನಿಜ ಅಣ್ಣ" ಅಂದರು. "ಇಳಿದ ಮೇಲೆ ರಸ್ತೇನೂ ಖಾಲಿ ಇರುತ್ತಲ್ಲ."

ಕೊನೇ ಸ್ಟಾಪಿನಿಂದ ಅವರ ಹಳ್ಳಿಗೆ ಒಂದೂವರೆ ಕಿಲೋಮೀಟರ್. ನಡುವೆ ಕಬ್ಬಿನ ಗದ್ದೆ, ಎರಡು ಬೀದಿದೀಪ. ಐದೂಮುಕ್ಕಾಲಕ್ಕೆ ಹೊರಟರೆ ಆರೂವರೆಗೆ ಬೆಳಕಿರುವಾಗಲೇ ಹತ್ತು ಜನ ಜೊತೆಯಾಗಿ ನಡೆಯುತ್ತಾರೆ. ಮುಂದಿನ ಬಸ್ಸಾದರೆ ಕತ್ತಲು, ಒಬ್ಬರೇ. ನಮ್ಮ ಬೋರ್ಡಿನಲ್ಲಿ ಒಂದು ಅಪಾಯ ಮಾತ್ರ ಕಾಣುತ್ತಿತ್ತು. ಅವರು ಎರಡು ಅಪಾಯ ತೂಗಿ ನೋಡಿ, ತಮಗೆ ಸರಿ ಕಂಡ ಬಸ್ಸು ಹತ್ತುತ್ತಿದ್ದರು.

ಇನ್ನೊಂದು ತಮಾಷೆಯೂ ಶುರುವಾಯಿತು. ಮೂರನೇ ಫ್ಯಾಕ್ಟರಿಯ ಕೆಲವು ಹುಡುಗಿಯರು ಬೋರ್ಡಿನಲ್ಲಿ "ತುಂಬಿದೆ" ಬರುವುದಕ್ಕೆ ಮೊದಲೇ ಹಿಂದಕ್ಕೆ ಒಂದು ಕಿಲೋಮೀಟರ್ ನಡೆದು, ಬಸ್ಸು ಹೊರಡುವ ಜಾಗಕ್ಕೇ ಹೋಗಿ ಕೂರತೊಡಗಿದರು. ಅಷ್ಟಕ್ಕೆ ಮೊದಲ ಸ್ಟಾಪಿನಲ್ಲಿ ಮೂವತ್ತು ದಾಟುತ್ತಿದ್ದ ಬಸ್ಸು ಹೊರಡುವಾಗಲೇ ಅರ್ಧ ತುಂಬಿತು. ಕೊನೆಗೂ ನಮ್ಮ ಮಾಹಿತಿಯನ್ನು ಬುದ್ಧಿವಂತಿಕೆಯಿಂದ ಬಳಸಿದವರು ಅವರೇ. ನೂಕಾಟ ಮಾತ್ರ ಒಂದು ಸ್ಟಾಪ್ ಹಿಂದಕ್ಕೆ ಸರಿಯಿತು ಅಷ್ಟೇ.

ಆಮೇಲೆ ಜುಲೈ ಮೊದಲ ವಾರದ ಎಡವಟ್ಟು. ಇಬ್ಬರು ಕಂಡಕ್ಟರುಗಳು ಬೆಳಿಗ್ಗೆ ತಮ್ಮತಮ್ಮಲ್ಲೇ ಡ್ಯೂಟಿ ಬದಲಿಸಿಕೊಂಡರು. ಒಬ್ಬರ ಮನೆಯಲ್ಲಿ ಏನೋ ಕೆಲಸವಿತ್ತು. ಡಿಪೋದಲ್ಲಿ ಇದು ದಿನಾ ನಡೆಯುವುದೇ. ನಮ್ಮ ಪಟ್ಟಿಯಲ್ಲಿ ಮಾತ್ರ ಹಳೇ ಹೆಸರು. ಸಂಜೆ ಬೋರ್ಡಿನಲ್ಲಿ ಖಾಲಿ ಬಸ್ಸಿಗೆ "ತುಂಬಿದೆ" ಅಂತಲೂ ತುಂಬಿದ ಬಸ್ಸಿಗೆ "ಜಾಗ ಇದೆ" ಅಂತಲೂ ಬಂತು. ಬೋರ್ಡು ನಂಬಿ ಒಂದು ಬಸ್ಸು ಬಿಟ್ಟವರು ಏಳೆಂಟು ಜನ. ಅವರ ಎದುರಿಗೇ ಆ ಬಸ್ಸು ಹತ್ತು ಜನರನ್ನು ಕೂರಿಸಿಕೊಂಡು ಹಾಯಾಗಿ ಹೋಯಿತು. ಮರುದಿನದಿಂದ ಬೋರ್ಡನ್ನು ಯಾರೂ ತಲೆಯೆತ್ತಿ ನೋಡಲಿಲ್ಲ. ಅಷ್ಟು ದಿನ ಕಟ್ಟಿದ ನಂಬಿಕೆ ಒಂದೇ ಸಂಜೆಗೆ ಹೋಯಿತು. ಗೊತ್ತಿಲ್ಲದಿದ್ದರೆ ಬೋರ್ಡನ್ನು ಖಾಲಿ ಬಿಡಬೇಕು ಅನ್ನುವುದನ್ನು ನಾವು ಕಲಿತದ್ದು ಹೀಗೆ.

ತಪ್ಪು ಯಾರದು ಅಂತ ಎರಡು ದಿನ ಚರ್ಚೆಯಾಯಿತು. ಡ್ಯೂಟಿ ಬದಲಿಸಿಕೊಂಡದ್ದು ತಪ್ಪು ಅಂತ ಕೆಲವರು ಅಂದರು. ನನಗೆ ಹಾಗನ್ನಿಸಲಿಲ್ಲ. ಬದಲಿ ನಡೆಯುತ್ತದೆ ಅಂತ ಡಿಪೋದಲ್ಲಿ ಟೀ ಕೊಡುವ ಹುಡುಗನಿಗೂ ಗೊತ್ತಿತ್ತು. ನಾವು ಕೇಳಿರಲಿಲ್ಲ.

ನಾಲ್ಕು ಸಾಲಿನ ಕಾಗದ

ಎರಡನೇ ತಿರುವು ಸಿಕ್ಕಿದ್ದು ಸೋತು ಕೂತಿದ್ದಾಗ. ಬಸ್ಸು ಹೊರಡುವ ಜಾಗದಲ್ಲಿ ಒಬ್ಬರು ಟಿಸಿ, ಅಂದರೆ ಟ್ರಾಫಿಕ್ ಕಂಟ್ರೋಲರ್, ತಗಡಿನ ಗೂಡಿನಲ್ಲಿ ಕೂತಿರುತ್ತಾರೆ. ಬಸ್ಸು ಬಂದ ಹೊತ್ತು, ಹೋದ ಹೊತ್ತು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಮಿಸ್ಡ್ ಕಾಲಿನ ವಿಷಯ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು: "ಬಸ್ಸು ತುಂಬಿದ್ದು ಸ್ಟಾಪಲ್ಲಿ ನಿಂತೋರಿಗೆ ಹೇಳ್ತೀರಿ. ಬಸ್ಸು ಬಿಡೋನು ನಾನಲ್ವಾ, ನನಗೆ ಯಾಕೆ ಹೇಳಲ್ಲ?"

ಹೌದಲ್ಲ! ನಿಂತವರ ಕೈಯಲ್ಲಿ ಕಾಯುವುದು ಇಲ್ಲ ನುಗ್ಗುವುದು, ಇವೆರಡೇ ಇದ್ದವು. ಬಸ್ಸು ಕಳಿಸುವುದು ಇವರ ಕೈಯಲ್ಲಿತ್ತು. ನಾವು ಪೂರ್ತಿ ಉಲ್ಟಾ ಕಡೆ ಮುಖ ಮಾಡಿ ನಿಂತಿದ್ದೆವು.

ಆದರೆ ಅವರ ಕೈಯಲ್ಲಿ ನಿಜಕ್ಕೂ ಇತ್ತಾ? ಷೆಡ್ಯೂಲಿನಲ್ಲಿ ಇಲ್ಲದ ಟ್ರಿಪ್ ಬಿಟ್ಟರೆ ಕಿಲೋಮೀಟರ್ ಜಾಸ್ತಿಯಾಗುತ್ತದೆ, ಕಿಲೋಮೀಟರಿಗೆ ಬರುವ ಆದಾಯ ಇಳಿಯುತ್ತದೆ. ಆ ಅಂಕಿ ಇಳಿದರೆ ಡಿಪೋ ಮ್ಯಾನೇಜರ್ ಮೇಲಿನವರಿಗೆ ಉತ್ತರ ಕೊಡಬೇಕು. ಮ್ಯಾನೇಜರ್ ಒಳ್ಳೆಯವರು. "ತುಂಬಿದ್ರೆ ಒಂದು ಬಿಡ್ರಿ, ನಾನು ನೋಡ್ಕೋತೀನಿ" ಅಂದರು. ಟಿಸಿ ಒಪ್ಪಲಿಲ್ಲ. "ಬಾಯಿಮಾತಿಗೆ ನಾನು ಬಸ್ ಬಿಡಲ್ಲ ಸರ್. ನಾಳೆ ಮೆಮೋ ಬಂದ್ರೆ ನನ್ನ ಹೆಸರಲ್ಲೇ ಬರುತ್ತೆ."

ಎರಡು ವಾರ ಇದರಲ್ಲೇ ಕಳೆಯಿತು. ಕೊನೆಗೆ ಒಂದು ಕಾಗದ ಬಂತು. ನಾಲ್ಕು ಸಾಲು. ಸಂಜೆ ಐದೂವರೆಯಿಂದ ಏಳರವರೆಗೆ ಒಂದು ಬಸ್ಸನ್ನು ಡಿಪೋದ ಬದಲು ಕೈಗಾರಿಕಾ ಪ್ರದೇಶದಲ್ಲೇ ನಿಲ್ಲಿಸುವುದು. ಎರಡನೇ ಫ್ಯಾಕ್ಟರಿಯ ಸ್ಟಾಪ್ ಮುಟ್ಟುವ ಮೊದಲೇ "ತುಂಬಿದೆ" ಅಂತ ಬಂದರೆ ಟಿಸಿ ಯಾರನ್ನೂ ಕೇಳದೆ ಆ ಬಸ್ಸು ಬಿಡುವುದು. ಆ ಟ್ರಿಪ್ಪನ್ನು ಎಕ್ಸ್‌ಟ್ರಾ ಅಂತ ಬರೆಯುವುದು. ಡಿಪೋದ ಆದಾಯದ ಲೆಕ್ಕಕ್ಕೆ ಅದನ್ನು ಹಿಡಿಯದಿರುವುದು. ಕೆಳಗೆ ಸಹಿ, ಸೀಲು.

ಟಿಸಿ ಅದನ್ನು ಜೆರಾಕ್ಸ್ ಮಾಡಿಸಿ ಗೂಡಿನ ಒಳಗೋಡೆಗೆ ಅಂಟಿಸಿದರು. ಮಿಸ್ಡ್ ಕಾಲ್ ಈಗ ಅವರ ಫೋನಿಗೇ ಬರುತ್ತಿತ್ತು. ನಡುವೆ ನಮ್ಮ ಪಟ್ಟಿ, ನಮ್ಮ ಸರ್ವರ್ ಯಾವುದೂ ಇಲ್ಲ. ಡ್ಯೂಟಿ ಬದಲಾಗಿದ್ದರೂ ತೊಂದರೆಯಿಲ್ಲ, ಯಾರ ಬಸ್ಸು ಈಗಷ್ಟೇ ಹೊರಟಿತು ಅಂತ ಅವರೇ ಕಣ್ಣಾರೆ ನೋಡಿರುತ್ತಾರೆ. ಫೋನ್ ಒಮ್ಮೆ ರಿಂಗಾದರೆ ಸಾಕು, ಗೂಡಿನಿಂದ ತಲೆ ಹೊರಗೆ ಹಾಕಿ ಡ್ರೈವರ್ ಕಡೆ ಕೈ ಬೀಸುತ್ತಿದ್ದರು. ಮೊದಲ ಬಸ್ಸು ಹೋಗಿ ಏಳೆಂಟು ನಿಮಿಷಕ್ಕೆ ಎರಡನೆಯದು ಮೂರನೇ ಫ್ಯಾಕ್ಟರಿಯ ಎದುರಿಗಿರುತ್ತಿತ್ತು. ಬೆಳಕಿರುವಾಗಲೇ.

ಹಿಂದಕ್ಕೆ ನಡೆದು ಹೋಗುವುದನ್ನು ಹುಡುಗಿಯರು ವಾರದೊಳಗೆ ಬಿಟ್ಟರು. ಹಿಂದೆ ಇನ್ನೊಂದು ಬಸ್ಸು ಬಂದೇ ಬರುತ್ತದೆ ಅಂತ ನಾಲ್ಕು ದಿನ ಕಣ್ಣಲ್ಲಿ ನೋಡಿದ ಮೇಲೆ ಬೋರ್ಡಿನ ಅಗತ್ಯವೇ ಬೀಳಲಿಲ್ಲ.

ಮೂರನೆಯ ತಿರುವು ಫ್ಯಾಕ್ಟರಿ ಗೇಟಿನದು. ಮಿಸ್ಡ್ ಕಾಲ್ ಬಂದ ಹೊತ್ತುಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿದರೆ ಎಲ್ಲವೂ ಐದೂ ನಲವತ್ತರಿಂದ ಐದೂ ಐವತ್ತರ ನಡುವೆ. ಆ ಹಾಳೆ ಹಿಡಿದು ಮೂರು ಫ್ಯಾಕ್ಟರಿಗೂ ಹೋದೆವು. ಬಿಡುವ ಹೊತ್ತನ್ನು ಇಪ್ಪತ್ತು ಇಪ್ಪತ್ತು ನಿಮಿಷ ಹಿಂದೆಮುಂದೆ ಮಾಡಿ ಅಂತ ಕೇಳಿದೆವು. ಸೋಂಕಿನ ಮಾತಿಗೆ ಎಲ್ಲರೂ ತಲೆಯಾಡಿಸಿದರು, ಯಾರೂ ಏನೂ ಮಾಡಲಿಲ್ಲ. ಬೆಳಗಿನ ಹಾಳೆ ತೋರಿಸಿದಾಗ ಮಾತು ಬೇರೆಯಾಯಿತು. ಬೆಳಿಗ್ಗೆ ಬಸ್ಸಿನಲ್ಲಿ ಜಾಗ ಸಿಗದೆ ಹತ್ತು ಜನ ಟೈಲರುಗಳು ತಡವಾಗಿ ಬಂದರೆ ಹೊಲಿಗೆಯ ಇಡೀ ಲೈನು ನಿಲ್ಲುತ್ತದೆ. ಕಾಲರ್ ಹಚ್ಚುವವರಿಲ್ಲದೆ ಮುಂದಿನವರು ಸುಮ್ನೆ ಕೂರಬೇಕು. ಅದು ಅವರಿಗೆ ದುಡ್ಡಿನ ಲೆಕ್ಕ. ಮೊದಲ ಫ್ಯಾಕ್ಟರಿ ಆಗಸ್ಟಿನಲ್ಲಿ ಹೊತ್ತು ಬದಲಿಸಿತು, ಎರಡನೆಯದು ಸೆಪ್ಟೆಂಬರಿನಲ್ಲಿ. ಮೂರನೆಯದು ಒಪ್ಪಲೇ ಇಲ್ಲ. ಎರಡು ಬದಲಿಸಿದ್ದರಿಂದ ಮೂರಕ್ಕೂ ಅನುಕೂಲವಾಯಿತು, ಅದು ಬೇರೆ ಮಾತು.

ಮಳೆ ಬಂದ ದಿನ

ಸೆಪ್ಟೆಂಬರ್ ಹೊತ್ತಿಗೆ ಐದೂಮುಕ್ಕಾಲರ ಬಸ್ಸು ಮೂವತ್ತು ದಾಟುವುದು ಅಪರೂಪವಾಗಿತ್ತು. ಗೆದ್ದೆವು ಅಂದುಕೊಂಡು ಒಂದು ಸಂಜೆ ಮತ್ತೆ ಆ ಬಸ್ಸು ಹತ್ತಿದೆ. ಜೋರು ಮಳೆ. ಒಳಗೆ ಇಪ್ಪತ್ತೇಳು ಜನ. ನಮ್ಮ ಲೆಕ್ಕದಲ್ಲಿ "ಜಾಗ ಇದೆ".

ಕಿಟಕಿಗಳೆಲ್ಲ ಪೂರ್ತಿ ಮುಚ್ಚಿದ್ದವು. ಗಾಜಿನ ಮೇಲೆ ಉಸಿರಿನ ಹಬೆ. ಮುಂದಿನ ಅರ್ಧದಲ್ಲಿ, ಹೆಂಗಸರ ಸೀಟುಗಳಿರುವ ಕಡೆ, ಇಪ್ಪತ್ತೆರಡು ಜನ ಒತ್ತಿಕೊಂಡಿದ್ದರು. ಅದರಲ್ಲಿ ಆರು ಜನ ನಿಂತಿದ್ದರು. ಹಿಂದೆ ಐದು ಗಂಡಸರು, ಸುತ್ತ ಖಾಲಿ ಸೀಟು. "ಹಿಂದೆ ಹೋಗ್ರಮ್ಮ, ಸೀಟೈತೆ" ಅಂತ ಕಂಡಕ್ಟರ್ ಕೂಗುತ್ತಲೇ ಇದ್ದರು. ಯಾರೂ ಅಲುಗಲಿಲ್ಲ. ಗಂಡಸರ ನಡುವೆ ಹೋಗಿ ಕೂರುವುದಕ್ಕಿಂತ ಗೆಳತಿಯರ ನಡುವೆ ನಿಲ್ಲುವುದೇ ವಾಸಿ ಅಂತ ಅವರ ಲೆಕ್ಕ.

ಇಷ್ಟು ತಿಂಗಳು ನಾವು ತಲೆ ಮಾತ್ರ ಎಣಿಸಿದ್ದೆವು. ಬಿಸಿಲಿನ ದಿನ ಕಿಟಕಿ ತೆಗೆದ ಬಸ್ಸಿನಲ್ಲಿ ನಲವತ್ತು ಜನ ಹರಡಿಕೊಂಡು ಕೂತಿದ್ದಾಗ "ತುಂಬಿದೆ" ಅಂದೆವು. ಈ ಮುಚ್ಚಿದ ಡಬ್ಬಿಗೆ "ಜಾಗ ಇದೆ" ಅಂದೆವು. ಎರಡರಲ್ಲಿ ಯಾವುದರೊಳಗೆ ಕೂರುತ್ತೀರಿ ಅಂದರೆ ನಾನಂತೂ ಮೊದಲನೆಯದನ್ನೇ ಹತ್ತುತ್ತೇನೆ.

ಮರುದಿನ ಮಾಡಿದ್ದು ಸಣ್ಣ ಕೆಲಸಗಳು. ಡ್ರೈವರ್ ಹಿಂದಿನ ಮತ್ತು ಕೊನೇ ಸಾಲಿನ ಕಿಟಕಿಗಳು ಮಳೆ ಬಂದರೂ ನಾಲ್ಕು ಬೆರಳು ತೆರೆದಿರಬೇಕು ಅಂತ ಹೇಳಿದೆವು. ಆ ಸೀಟುಗಳ ಮೇಲೆ ಕೂರಬಾರದು ಅಂತ ಕ್ರಾಸ್ ಹಾಕಿದೆವು, ಯಾರೂ ನೆನೆಯದಿರಲಿ ಅಂತ. ಸಂಜೆಯ ಎರಡು ಟ್ರಿಪ್ಪಿಗೆ ಮಾತ್ರ ಗಂಡಸರು ಕೊನೇ ಮೂರು ಸಾಲಿಗೆ, ಉಳಿದದ್ದೆಲ್ಲ ಹೆಂಗಸರಿಗೆ ಅಂತ ಮಾಡಿದೆವು. ಒಂದಿಬ್ಬರು ಗೊಣಗಿದರು. ನಡೆಯಿತು.

ಸೋಂಕು ಎಷ್ಟು ಕಡಿಮೆಯಾಯಿತು ಅಂತ ಈ ಪ್ರಕರಣದಿಂದ ಲೆಕ್ಕ ತೆಗೆಯಲು ಬರುವುದಿಲ್ಲ. ಯಾರಿಗೆ ಎಲ್ಲಿ ತಗುಲಿತು ಅಂತ ನಾವು ಅಳೆದಿರಲಿಲ್ಲ. ಫ್ಯಾಕ್ಟರಿಯ ಹಾಲಿನಲ್ಲೋ, ಕ್ಯಾಂಟೀನಿನಲ್ಲೋ, ಮನೆಯಲ್ಲೋ, ಬಸ್ಸಿನಲ್ಲೋ. ಹೇಳಬಹುದಾದದ್ದು ಇಷ್ಟೇ: ಅರವತ್ತು ಜನ ಒಂದೇ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಮುಖಕ್ಕೆ ಮುಖ ತಾಗಿಸಿಕೊಂಡು ನಿಲ್ಲುವುದು ತಪ್ಪಿತು.

ಉಳಿದದ್ದು, ಅಳಿದದ್ದು

2021ರ ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ಲಾಕ್‌ಡೌನ್. ಬಸ್ಸುಗಳು ಮತ್ತೆ ನಿಂತವು. ಜೂನ್ ಕೊನೆಗೆ ಅರ್ಧದಷ್ಟು ಸೀಟಿಗೆ ಅಂತ ಶುರುವಾದಾಗ ನಾವು ಕಟ್ಟಿದ್ದರಲ್ಲಿ ಬಹುಪಾಲು ಇರಲಿಲ್ಲ. ಟಿಸಿಗೆ ಬೇರೆ ಕಡೆ ವರ್ಗವಾಗಿತ್ತು. ಎಕ್ಸ್‌ಟ್ರಾ ಬಸ್ಸು ಇನ್ನೊಂದು ಮಾರ್ಗಕ್ಕೆ ಹೋಗಿತ್ತು. ಎರಡು ಸಿಮ್ಮುಗಳಿಗೆ ಯಾರೂ ರೀಚಾರ್ಜ್ ಮಾಡಿಸಿರಲಿಲ್ಲ. ಎಲ್‌ಇಡಿ ಬೋರ್ಡಿನ ಕೆಳಗಿನ ಸಾಲು ಕೆಟ್ಟಿತ್ತು.

ಹಾಗೇ ಉಳಿದದ್ದು ಒಂದೇ. ಎರಡು ಫ್ಯಾಕ್ಟರಿಗಳು ಬದಲಿಸಿದ್ದ ಗೇಟಿನ ಹೊತ್ತು. ಅದಕ್ಕೆ ಫೋನ್ ಬೇಡ, ಪಟ್ಟಿ ಬೇಡ, ಯಾರೂ ನೆನಪಿಟ್ಟುಕೊಳ್ಳುವುದೂ ಬೇಡ. ಎರಡನೇ ಅಲೆಯ ನಂತರ ಆ ಬಸ್ಸು ಮೊದಲಿನಷ್ಟು ತುಂಬದಿದ್ದದ್ದು ಅದರಿಂದಲೇ.

ಇದನ್ನೇ ಇನ್ನೊಂದು ಊರಿನಲ್ಲಿ ಮಾಡುವುದಾದರೆ ನಾನು ಪ್ರಯಾಣಿಕರ ಬೋರ್ಡಿನಿಂದ ಶುರು ಮಾಡುವುದಿಲ್ಲ. ದಿನದ ಸರಾಸರಿಯನ್ನು ಪಕ್ಕಕ್ಕಿಟ್ಟು, ಅತಿ ಕೆಟ್ಟದಾಗಿ ತುಂಬುವ ಎರಡು ಟ್ರಿಪ್ ಯಾವುದು ಅಂತ ಕಂಡಕ್ಟರುಗಳನ್ನು ಕೇಳುತ್ತೇನೆ. ಆ ಮಾಹಿತಿ ಸಿಕ್ಕರೆ ಇನ್ನೊಂದು ಬಸ್ಸು ಬಿಡಬಲ್ಲವರು ಯಾರು, ಅವರ ಕೈ ಯಾವುದರಿಂದ ಕಟ್ಟಿದೆ ಅಂತ ಮೊದಲ ವಾರದಲ್ಲೇ ನೋಡುತ್ತೇನೆ. ಕಾಗದ ಬೇಕು ಅಂದರೆ ಕಾಗದದಿಂದಲೇ ಶುರು. ಫೋನು, ಸ್ಕ್ರೀನು ಆಮೇಲೆ. ಮತ್ತೆ ಮೊದಲ ದಿನವೇ ಒಂದು ಸಲ ಮಳೆಯಲ್ಲಿ ಆ ಬಸ್ಸು ಹತ್ತುತ್ತೇನೆ.

ಹೋದ ವರ್ಷ ಆ ಕಡೆ ಹೋಗಿದ್ದೆ. ತಗಡಿನ ಗೂಡಿಗೆ ಹೊಸ ಬಣ್ಣ, ಒಳಗೆ ಹೊಸ ಟಿಸಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೂ ಕಂಡಕ್ಟರುಗಳು ಮಷೀನಿನಿಂದ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ. ಅಂದರೆ ಅಂದು ನಮಗೆ ಸಿಗದೇ ಹೋದ ತಲೆಗಳೆಲ್ಲ ಈಗ ಸ್ಟೇಜ್ ಸಮೇತ ಮಷೀನಿನಲ್ಲಿವೆ. ಟಿಸಿಯನ್ನು ಕೇಳಿದೆ: ಬಸ್ಸಲ್ಲಿ ಎಷ್ಟು ಜನ ಅಂತ ನಿಮಗೆ ಇಲ್ಲಿ ಗೊತ್ತಾಗುತ್ತಾ?

"ಅದು ನಮಗೆ ಬರಲ್ಲ ಸರ್. ಡಿಪೋಗೆ ಹೋಗುತ್ತೆ, ಸರ್ಕಾರಕ್ಕೆ ಬಿಲ್ ಮಾಡೋಕೆ" ಅಂದರು. ಅಷ್ಟರಲ್ಲಿ ಐದೂಮುಕ್ಕಾಲರ ಬಸ್ಸು ಹೊರಟಿತು. ಅವರು ಪುಸ್ತಕ ತೆಗೆದು ಹೊತ್ತು ಬರೆದುಕೊಂಡರು.